ಕೂಸು ರಾತ್ರಿ ಮಲಗುತ್ತಿಲ್ಲವೇ? ಮೊದಲು ಕಾರಣ ಹುಡುಕಿ, ಮದ್ದು ಆಮೇಲೆ

"ಕೂಸು ರಾತ್ರಿ ಮಲ್ಕೊಳಂಗಿಲ್ರಿ, ಏನು ಕುಡಸ್ಲಿ?" ಕಲಬುರಗಿ, ಬೀದರ್, ಯಾದಗಿರಿ ಕಡೆಯ ತಾಯಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಒಬ್ಬರು ಗುಟ್ಟಿ (ಬೇರು, ಕಾಯಿಗಳ ಮನೆಮದ್ದು) ತೇಯ್ದು ನೆಕ್ಕಿಸಿರುತ್ತಾರೆ, ಇನ್ನೊಬ್ಬರು ಗ್ರೈಪ್ ವಾಟರ್ ಮುಗಿಸಿ ಡಬ್ಬಿ ಹಾಲಿಗೆ ಬಂದಿರುತ್ತಾರೆ. ಕೂಸು ಮಾತ್ರ ಎರಡು ಗಂಟೆಗೊಮ್ಮೆ ಏಳುವುದನ್ನು ಬಿಟ್ಟಿರುವುದಿಲ್ಲ. ಸೆಕೆಗೆ ಎದ್ದ ಕೂಸಿಗೆ ಹಾಲು ಪರಿಹಾರವಲ್ಲ, ಮೂಗು ಕಟ್ಟಿ ಎದ್ದ ಕೂಸಿಗೆ ಗುಟ್ಟಿ ಪರಿಹಾರವಲ್ಲ. ಏಕೆ ಏಳುತ್ತಿದೆ ಎಂಬುದು ಗೊತ್ತಾದರೆ ಅರ್ಧ ಕೆಲಸ ಆದಂತೆ.

ಈ ಮಾರ್ಗದರ್ಶಿ ಹುಟ್ಟಿದಂದಿನಿಂದ ಒಂದು ವರ್ಷದವರೆಗಿನ ಕೂಸುಗಳಿಗೆ. ತಿಂಗಳು ತುಂಬುವ ಮೊದಲೇ ಹುಟ್ಟಿದ್ದರೆ, ಹುಟ್ಟಿದಾಗ ತೂಕ ಕಡಿಮೆ ಇದ್ದರೆ ನಿಮ್ಮ ಮಕ್ಕಳ ಡಾಕ್ಟರ್ ಹೇಳಿದ್ದೇ ಮೊದಲು, ಇದು ಆಮೇಲೆ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು: ಒಂದು ಡಿಜಿಟಲ್ ಥರ್ಮಾಮೀಟರ್, ತಾಯಿ ಕಾರ್ಡ್, ಸೊಳ್ಳೆ ಪರದೆ, ಮಂದ ಬೆಳಕಿನ ಸಣ್ಣ ಬಲ್ಬು, ಒಂದು ನೋಟ್‌ಬುಕ್ಕು, ಪೆನ್ನು. ದುಡ್ಡು ಖರ್ಚು ಮಾಡಲೇಬೇಕಾದದ್ದು ಥರ್ಮಾಮೀಟರಿಗೆ. ಕೈ ಮುಟ್ಟಿ ಜ್ವರ ಹೇಳುವುದು ಬೇಸಿಗೆಯಲ್ಲಿ ಸುಲಭವಾಗಿ ತಪ್ಪಬಹುದು.

ಹಂತ 1: ವಯಸ್ಸಿಗೆ ತಕ್ಕ ನಿರೀಕ್ಷೆ ಇಟ್ಟುಕೊಳ್ಳಿ

ಮೊದಲ ಮೂರು ತಿಂಗಳು ಕೂಸು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ, ಆದರೆ ತುಂಡು ತುಂಡಾಗಿ. 4ರಿಂದ 11 ತಿಂಗಳವರೆಗೆ ಹಗಲಿನ ನಿದ್ದೆಯೂ ಸೇರಿ 12ರಿಂದ 16 ಗಂಟೆ. ಕತ್ತಲಾದಾಗ ನಿದ್ದೆ ತರುವ ಮೆಲಟೋನಿನ್ ಎಂಬ ಹಾರ್ಮೋನನ್ನು (ದೇಹ ತಾನೇ ತಯಾರಿಸಿ ರಕ್ತಕ್ಕೆ ಬಿಡುವ ರಾಸಾಯನಿಕ) ಕೂಸಿನ ದೇಹ ಹಗಲು ರಾತ್ರಿಯ ಲೆಕ್ಕಕ್ಕೆ ಹೊಂದಿಸಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಹಗಲೆಲ್ಲ ಮಲಗಿ ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡಿದ್ದರೆ ಅದು ರೋಗವಲ್ಲ.

ಎರಡು ಮೂರು ವಾರದ ಕೂಸು ಸಂಜೆಯಾದೊಡನೆ ಕಾಲು ಮಡಚಿ, ಮುಖ ಕೆಂಪಗೆ ಮಾಡಿ ಗಂಟೆಗಟ್ಟಲೆ ಅಳಲು ಶುರು ಮಾಡಬಹುದು. ಡಾಕ್ಟರುಗಳು ಇದಕ್ಕೆ ಕೋಲಿಕ್ ಎನ್ನುತ್ತಾರೆ, ಅಂದರೆ ಬೇರೆ ರೋಗವಿಲ್ಲದ ಕೂಸಿನ ವಿಪರೀತ ಅಳು. ಆರನೇ ವಾರದ ಹೊತ್ತಿಗೆ ಜೋರಾಗಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಎತ್ತಿಕೊಂಡು ಓಡಾಡುವುದು, ಬೆನ್ನು ಸವರುವುದು ಬಿಟ್ಟರೆ ದೊಡ್ಡ ಮದ್ದೇನೂ ಇಲ್ಲ. ಸಿಟ್ಟು ಬಂದು ಕೈ ನಡುಗತೊಡಗಿದರೆ ಕೂಸನ್ನು ಸುರಕ್ಷಿತವಾಗಿ ಮಲಗಿಸಿ ಐದು ನಿಮಿಷ ಆಚೆ ಹೋಗಿ. ಕೂಸನ್ನು ಎಂದೂ ಜೋರಾಗಿ ಅಲುಗಾಡಿಸಬೇಡಿ, ಮಿದುಳಿನಲ್ಲಿ ರಕ್ತಸ್ರಾವವಾಗಬಹುದು.

ಮುಂದಿನ ಗಲಾಟೆ ನಾಲ್ಕನೇ ತಿಂಗಳ ಆಸುಪಾಸು. ಚೆನ್ನಾಗಿ ಮಲಗುತ್ತಿದ್ದ ಕೂಸು ಇದ್ದಕ್ಕಿದ್ದಂತೆ ಏಳತೊಡಗುತ್ತದೆ. ಆ ವಯಸ್ಸಿನಲ್ಲಿ ಅದರ ನಿದ್ದೆ ದೊಡ್ಡವರ ನಿದ್ದೆಯಂತೆ ಗಾಢ, ತೆಳು ಎಂದು ಸುತ್ತು ಸುತ್ತಾಗಿ ವಿಂಗಡವಾಗುತ್ತದೆ, ಪ್ರತಿ ಸುತ್ತಿನ ಕೊನೆಗೆ ಅರೆ ಎಚ್ಚರವಾಗುತ್ತದೆ. ನಮ್ಮ ಕಡೆ ಇದಕ್ಕೆ ಇನ್ನೊಂದು ಸೇರಿಕೊಳ್ಳುತ್ತದೆ. ತವರಿನಿಂದ ತಾಯಿ ಮಗುವನ್ನು ಗಂಡನ ಮನೆಗೆ ಕಳಿಸುವುದು ಸಾಮಾನ್ಯವಾಗಿ ಮೂರು ಅಥವಾ ಐದನೇ ತಿಂಗಳಲ್ಲಿ. ಹೊಸ ಮನೆ, ಹೊಸ ದನಿ, ಹೊಸ ಫ್ಯಾನಿನ ಸದ್ದು, ಎತ್ತಿಕೊಳ್ಳುತ್ತಿದ್ದ ಅಜ್ಜಿ ಇಲ್ಲ. "ಬಂದ ದಿನದಿಂದ ನದರಾಗ್ಯದ" (ದೃಷ್ಟಿ ತಗುಲಿದೆ) ಎಂಬ ಮಾತು ಏಳುವುದು ಇಲ್ಲೇ. ನದರು ತೆಗೆಯುವುದಿದ್ದರೆ ತೆಗೆಯಿರಿ, ಸುಟ್ಟ ಮೆಣಸಿನಕಾಯಿಯ ಘಾಟು ಕೂಸಿನ ಮೂಗಿಗೆ ಹೋಗದಿದ್ದರೆ ಸಾಕು. ಒಗ್ಗಿಕೊಳ್ಳಲು ಒಂದೆರಡು ವಾರ ಕೊಡಿ. ತವರಿನಲ್ಲಿ ಹಾಸುತ್ತಿದ್ದ ಅದೇ ಹಾಸಿಗೆ ಬಟ್ಟೆಯನ್ನು ಒಗೆಯದೆ ತಂದು ಹಾಸಿದರೆ ಹಳೆಯ ವಾಸನೆಗೆ ಕೆಲವು ಕೂಸುಗಳು ಬೇಗ ಸಮಾಧಾನವಾಗುತ್ತವೆ.

ಹಂತ 2: ಮೂರು ರಾತ್ರಿ ಬರೆದಿಡಿ

ಏನನ್ನೂ ಬದಲಿಸುವ ಮೊದಲು ಬರೆಯಿರಿ. ಎಷ್ಟು ಗಂಟೆಗೆ ಮಲಗಿತು, ಎಷ್ಟಕ್ಕೆ ಎದ್ದಿತು, ಹಾಲು ಕುಡಿಯಿತೋ ಚೀಪಿ ಬಿಟ್ಟಿತೋ, ಮೈ ಬೆವರಿತ್ತೋ, ಕರೆಂಟ್ ಇತ್ತೋ. ಇಷ್ಟು ಸಾಕು. ಮೊಬೈಲಿನಲ್ಲಿ ಬರೆಯಬೇಡಿ, ಆ ಬೆಳಕಿಗೆ ಕೂಸೂ ಏಳುತ್ತದೆ, ನಿಮಗೂ ಮತ್ತೆ ನಿದ್ದೆ ಹತ್ತುವುದಿಲ್ಲ.

ಮೂರು ರಾತ್ರಿಯಾದ ಮೇಲೆ ಓದಿ ನೋಡಿ. ದಿನಾ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಎದ್ದು ಎರಡು ಗುಟುಕಿಗೆ ಮಲಗುತ್ತಿದ್ದರೆ ಅದು ಅಭ್ಯಾಸ. ಎದ್ದಾಗಲೆಲ್ಲ ಗಟಗಟ ಕುಡಿದರೆ ಹಸಿವು. ಹನ್ನೊಂದರಿಂದ ಎರಡರವರೆಗೆ ಹೊರಳಾಡಿ ನಸುಕಿನಲ್ಲಿ ಗಾಢವಾಗಿ ಮಲಗಿದರೆ ಬಹುತೇಕ ಸೆಕೆ. ಮಲಗಿಸಿದರೆ ಅಳು, ಎತ್ತಿಕೊಂಡರೆ ಸುಮ್ಮನೆ ಎಂದಾದರೆ ಮೂಗು, ಕಿವಿ ನೋಡಬೇಕು.

ಹಂತ 3: ಕಾಯಿಲೆ ಇಲ್ಲವೆಂದು ಖಚಿತ ಮಾಡಿಕೊಳ್ಳಿ

ಕೆಳಗಿನವುಗಳಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯಬೇಡಿ:

ಮೂರು ತಿಂಗಳೊಳಗಿನ ಕೂಸಿಗೆ 100.4 ಫ್ಯಾರನ್‌ಹೀಟ್ (38 ಡಿಗ್ರಿ ಸೆಲ್ಸಿಯಸ್) ಅಥವಾ ಅದಕ್ಕಿಂತ ಹೆಚ್ಚು ಜ್ವರ, ಅಥವಾ ಮೈ ತಣ್ಣಗಾಗಿ ಮಂಕಾಗಿರುವುದು, ಹಾಲನ್ನೇ ಕುಡಿಯದಿರುವುದು, ಫಿಟ್ಸ್, ಉಸಿರಾಡುವಾಗ ಪಕ್ಕೆಯ ಕೆಳಗೆ ಒಳಕ್ಕೆ ಎಳೆಯುವುದು, ಹಸಿರು ವಾಂತಿ, ಮಲದಲ್ಲಿ ರಕ್ತ, ನೆತ್ತಿ ಕುಳಿ ಬಿದ್ದು ಆರೇಳು ಗಂಟೆಯಿಂದ ಮೂತ್ರ ಮಾಡದಿರುವುದು.

ಉಸಿರನ್ನು ಎಣಿಸುವುದು ಕಲಿತುಕೊಳ್ಳಿ. ಕೂಸು ಅಳದೆ ಇರುವಾಗ ಅಂಗಿ ಮೇಲೆತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳಿಗೆ 50 ಅಥವಾ ಹೆಚ್ಚು ಇದ್ದರೆ ನ್ಯುಮೋನಿಯಾ ಇರಬಹುದು. 108ಕ್ಕೆ ಫೋನ್ ಮಾಡಿ. ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಸರ್ಕಾರಿ ಬೋಧನಾ ಆಸ್ಪತ್ರೆಗಳು, ಮಕ್ಕಳ ವಿಭಾಗ ಇವೆ.

ಲಸಿಕೆ ಹಾಕಿಸಿದ ರಾತ್ರಿ ಬೇರೆ ಲೆಕ್ಕ. ಆರು, ಹತ್ತು, ಹದಿನಾಲ್ಕನೇ ವಾರದ ಪೆಂಟಾವೇಲೆಂಟ್ ಸೂಜಿಯ ನಂತರ (ಐದು ರೋಗಗಳ ವಿರುದ್ಧ ಒಂದೇ ಲಸಿಕೆ) ಒಂದೆರಡು ದಿನ ಜ್ವರ, ಕಿರಿಕಿರಿ ಸಾಮಾನ್ಯ. ಪ್ಯಾರಸಿಟಮಾಲ್ ಕೊಡುವ ಮುನ್ನ ಬಾಟಲಿಯ ಮೇಲಿನ ಅಕ್ಷರ ಓದಿ. ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಎಂಎಲ್‌ಗೆ 100 ಮಿಲಿಗ್ರಾಂ ಇರುತ್ತದೆ, ಸಿರಪ್‌ನಲ್ಲಿ ಐದು ಎಂಎಲ್‌ಗೆ 125 ಅಥವಾ 250. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಹಾಕಿದರೆ ಪ್ರಮಾಣ ಎರಡರಿಂದ ನಾಲ್ಕು ಪಟ್ಟು ಏರುತ್ತದೆ. ಎಷ್ಟು ಕೊಡಬೇಕೆಂಬುದನ್ನು ತೂಕದ ಮೇಲೆ ಲೆಕ್ಕ ಹಾಕಿ ನರ್ಸ್ ಅಥವಾ ಡಾಕ್ಟರ್ ಕೈಯಿಂದಲೇ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ.

ಮೂಗು ಕಟ್ಟಿದ್ದರೆ ಮೆಡಿಕಲ್ ಅಂಗಡಿಯ ಉಪ್ಪುನೀರಿನ ಮೂಗಿನ ಹನಿ ಸಾಕು, ಹಾಲು ಕೊಡುವ ಸ್ವಲ್ಪ ಮೊದಲು ಹಾಕಿ. ಕಿವಿ ನೋವೆಂದು ಬಿಸಿ ಎಣ್ಣೆ ಬಿಡಬೇಡಿ.

ಹಂತ 4: ಸೆಕೆ ಇಳಿಸಿ

ನಮ್ಮ ಭಾಗಕ್ಕೆ ಈ ಹಂತವೇ ಮುಖ್ಯ. ಬೇರೆ ಊರಿನವರು ಬರೆದ ಸಲಹೆಗಳಲ್ಲಿ ಇದು ಒಂದು ಸಾಲಿನಲ್ಲಿ ಮುಗಿದಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಹಗಲು 42, 43 ಡಿಗ್ರಿ ತಲುಪುತ್ತದೆ. ಪತ್ರಾಸಿನ (ತಗಡಿನ) ಮನೆ ಹಗಲು ಸುಟ್ಟರೂ ರಾತ್ರಿ ಬೇಗ ಆರುತ್ತದೆ. ಶಹಾಬಾದ ಕಲ್ಲಿನ ಗೋಡೆ, ಬಂಡೆ ಹಾಸಿದ ಮಾಳಿಗೆ, ಸಿಮೆಂಟಿನ ಸ್ಲ್ಯಾಬ್ ಹಾಗಲ್ಲ, ಹಗಲೆಲ್ಲ ಹೀರಿದ ಬಿಸಿಯನ್ನು ಮಧ್ಯರಾತ್ರಿಯವರೆಗೂ ಒಳಕ್ಕೆ ಬಿಡುತ್ತಲೇ ಇರುತ್ತವೆ. ರಾತ್ರಿ ಹತ್ತಕ್ಕೆ ಪಶ್ಚಿಮದ ಗೋಡೆಗೆ ಅಂಗೈ ಒತ್ತಿ ನೋಡಿ. ಹೊರಗೆ ಗಾಳಿ ತಣ್ಣಗಾಗಿದ್ದರೂ ಗೋಡೆ ಇನ್ನೂ ಬೆಚ್ಚಗಿರುತ್ತದೆ. ಎಷ್ಟೋ ಮನೆಗಳಲ್ಲಿ ಕೂಸನ್ನು "ಬೀಳಬಾರದು" ಎಂದು ಅದೇ ಗೋಡೆಯ ಮಗ್ಗುಲಿಗೇ ಮಲಗಿಸಿರುತ್ತಾರೆ!

ಮಾಡಬೇಕಾದ್ದು: ಹಾಸಿಗೆಯನ್ನು ಆ ಗೋಡೆಯಿಂದ ದೂರ ಎಳೆಯಿರಿ. ಬಿಸಿಲು ಇಳಿದ ಮೇಲೆ ಮಾಳಿಗೆಗೆ ನೀರು ಹೊಡೆಯಿರಿ, ಮಲಗುವ ಕೋಣೆಯ ಫರಸಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಕಿಟಕಿಗಳನ್ನು ಹಗಲು ಮುಚ್ಚಿ, ಸಂಜೆ ತೆರೆಯಿರಿ. ಕೂಲರ್ ನೀರು ಆವಿಯಾಗುವುದರಿಂದ ತಂಪು ಕೊಡುತ್ತದೆ, ಹಾಗಾಗಿ ನಮ್ಮ ಒಣ ಬೇಸಿಗೆಗೆ ಸರಿ. ಆದರೆ ಎದುರಿನ ಕಿಟಕಿ ತೆರೆದಿರಬೇಕು, ಗಾಳಿ ನೇರ ಮುಖಕ್ಕೆ ಹೊಡೆಯಬಾರದು, ನೀರನ್ನು ಆಗಾಗ ಚೆಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಸೊಳ್ಳೆ ಹುಟ್ಟುತ್ತವೆ. ಮಳೆಗಾಲ ಶುರುವಾದ ಮೇಲೆ ಕೂಲರಿನಿಂದ ಕೋಣೆ ಜಿಗುಟಾಗುವುದೇ ಹೆಚ್ಚು, ಆಗ ಫ್ಯಾನ್ ಒಂದೇ ಸಾಕು. ಕರೆಂಟ್ ಹೋಗುವುದನ್ನು ಲೆಕ್ಕದಲ್ಲೇ ಇಟ್ಟುಕೊಂಡು ಚಾರ್ಜ್ ಆಗುವ ಸಣ್ಣ ಫ್ಯಾನೊಂದನ್ನು ತಂದಿಡಿ, ಬೀಸಣಿಗೆ ಇದ್ದರೂ ನಡೆಯುತ್ತದೆ. ಮಾಳಿಗೆ ಮೇಲೆ ಮಲಗುವವರು ಪರದೆ ಕಟ್ಟಿ, ಅಂಚಿನಿಂದ ದೂರ ಮಲಗಿ. ನಸುಕಿನಲ್ಲಿ ತಂಪಾದಾಗ ಕೂಸಿನ ಮೈ ಒಮ್ಮೆ ಮುಟ್ಟಿ ನೋಡಿ.

ಬಟ್ಟೆಯಲ್ಲಿ ನಮ್ಮವರ ಪ್ರೀತಿ ಸ್ವಲ್ಪ ಜಾಸ್ತಿಯೇ. ತಲೆಗೆ ಕುಂಚಿಗೆ, ಒಳಗೆ ಟೋಪಿ, ಕಾಲಿಗೆ ಸಾಕ್ಸು, ಮೇಲೊಂದು ದುಪ್ಪಟಿ. ಕೂಸಿನ ಬಿಸಿ ಹೊರಹೋಗುವುದು ಬಹಳಷ್ಟು ತಲೆಯಿಂದ. ಮನೆಯೊಳಗೆ ಮಲಗುವಾಗ ಕುಂಚಿಗೆ, ಟೋಪಿ ತೆಗೆದುಬಿಡಿ. ಗದ್ದದ ಕೆಳಗೆ ಕಟ್ಟುವ ಅದರ ದಾರ ನಿದ್ದೆಯಲ್ಲಿ ಸರಿದು ಕುತ್ತಿಗೆಗೆ ಬಿಗಿಯುವ ಅಪಾಯವೂ ಇದೆ. ಬೇಸಿಗೆಗೆ ತೆಳುವಾದ ಒಂದು ಹತ್ತಿ ಜಬಲಾ ಸಾಕು. ಸೆಕೆಯೋ ಅಲ್ಲವೋ ತಿಳಿಯಲು ಕೈ ಕಾಲು ಮುಟ್ಟಬೇಡಿ, ಅವು ಸಾಮಾನ್ಯವಾಗಿ ತಣ್ಣಗೇ ಇರುತ್ತವೆ. ಕತ್ತಿನ ಹಿಂಬದಿ ಮುಟ್ಟಿ, ಬೆವರಿ ಬಿಸಿಯಾಗಿದ್ದರೆ ಒಂದು ಪದರ ತೆಗೆಯಿರಿ. ಬೆವರುಸಾಲೆಗೆ ಪೌಡರ್ ಬಳಿಯಬೇಡಿ, ಆ ಪುಡಿ ಉಸಿರಿನೊಳಗೆ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಗಾಳಿಗೆ ಬಿಡುವುದೇ ಮದ್ದು.

ಎಚ್ಚರಿಕೆ: ಆರು ತಿಂಗಳೊಳಗಿನ ಕೂಸಿಗೆ ಎಷ್ಟೇ ಬಿಸಿಲಿರಲಿ ನೀರು ಕುಡಿಸಬೇಡಿ. ಎದೆಹಾಲಿನಲ್ಲಿ ಬೇಕಾದಷ್ಟು ನೀರಿದೆ. ಬೇಸಿಗೆಯಲ್ಲಿ ಹೆಚ್ಚು ಸಲ ಎದೆಗೆ ಹಾಕಿ, ನೀರು ಮಜ್ಜಿಗೆ ನೀವು ಕುಡಿಯಿರಿ.

ಚಳಿಗಾಲಕ್ಕೆ, ಅದರಲ್ಲೂ ಬೀದರ್ ಕಡೆ, ಕೌದಿ ಹೊದಿಸುವ ಬದಲು ಮೈಗೆ ಒಂದು ಪದರ ಹೆಚ್ಚು ಬಟ್ಟೆ ತೊಡಿಸಿ. ಬಾಗಿಲು ಹಾಕಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟುಕೊಂಡು ತಾಯಿ ಮಗು ಮಲಗುವುದು ಬೇಡವೇ ಬೇಡ. ಕಾರ್ಬನ್ ಮೊನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲ ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

ಹಂತ 5: ಮಲಗುವ ಜಾಗ

ಅಂಗಾತ ಮಲಗಿಸಿ. ಗಟ್ಟಿಯಾದ, ಸಮತಟ್ಟಾದ ಹಾಸಿಗೆ ಇರಲಿ. ಕೌದಿಯನ್ನು ಬಿಗಿಯಾಗಿ ಮಡಚಿ ನೆಲದ ಮೇಲೆ ಹಾಸಿದರೆ ಒಳ್ಳೆಯದೇ, ಮೈಮೇಲೆ ಹೊದಿಸಿದರೆ ಅಪಾಯ. ದಿಂಬು ಬೇಡ. ತಲೆ ಗುಂಡಗಾಗಲಿ ಎಂದು ಇಡುವ ಸಾಸಿವೆ ದಿಂಬೂ ಬೇಡ. ಅದಕ್ಕಿಂತ ಎಚ್ಚರವಾಗಿರುವಾಗ ನಿಮ್ಮ ಕಣ್ಣೆದುರೇ ಸ್ವಲ್ಪ ಹೊತ್ತು ಬೋರಲು ಮಲಗಿಸುವುದು ತಲೆಗೂ ಕುತ್ತಿಗೆಗೂ ಒಳ್ಳೆಯದು.

ಹೊರಸಿನ ನಡು ಜಗ್ಗಿರುತ್ತದೆ, ಕೂಸು ಉರುಳಿ ಮುಖ ಹೂತುಕೊಳ್ಳಬಹುದು. ಸೀರೆ ಕಟ್ಟಿದ ಜೋಳಿಗೆಯಲ್ಲಿ ಗದ್ದ ಎದೆಗೆ ಒತ್ತಿ ಉಸಿರಿನ ದಾರಿ ಕಿರಿದಾಗುತ್ತದೆ. ಹೊಲದ ಕೆಲಸದ ಮನೆಗಳಲ್ಲಿ ಜೋಳಿಗೆ ಬಿಡಿ ಎಂದರೆ ಆಗದ ಮಾತು, ನನಗೆ ಗೊತ್ತು. ಕಣ್ಣಳತೆಯಲ್ಲಿ ಇರುವಾಗ ಹಗಲು ಬಳಸಿ, ನಿದ್ದೆ ಹತ್ತಿದ ಮೇಲೆ ಕೆಳಗೆ ಮಲಗಿಸಿ, ರಾತ್ರಿಗಂತೂ ಬೇಡ.

ತಾಯಿಯ ಪಕ್ಕದಲ್ಲೇ, ಆದರೆ ತನ್ನದೇ ಸಣ್ಣ ಹಾಸಿಗೆಯಲ್ಲಿ ಕೂಸು ಮಲಗಿದರೆ ಎದ್ದು ಹಾಲೂಡಲು ಅನುಕೂಲ. ಕುಡಿದವರು, ಬೀಡಿ ಸಿಗರೇಟು ಸೇದುವವರು, ನಿದ್ದೆ ಮಾತ್ರೆ ನುಂಗಿದವರು ಕೂಸಿನ ಹಾಸಿಗೆಯಲ್ಲಿ ಮಲಗಬಾರದು. ಸೋಫಾದ ಮೇಲೆ ಕೂಸನ್ನು ಎದೆಗವಚಿಕೊಂಡು ಯಾರೂ ನಿದ್ದೆ ಹೋಗಬಾರದು. ಸೊಳ್ಳೆಗೆ ಪರದೆಯೇ ಸರಿ, ಕಾಯಿಲ್ ಹೊಗೆ ಬೇಡ. ಸ್ನಾನದ ನಂತರದ ಲೋಬಾನದ ಹೊಗೆಯೂ ಕೂಸಿನ ಶ್ವಾಸಕೋಶಕ್ಕೆ ಹೊಗೆಯೇ.

ಹಂತ 6: ಹಗಲನ್ನು ಹಗಲಿನಂತೆ ಇಡಿ

ಬೆಳಿಗ್ಗೆ ದಿನಾ ಒಂದೇ ಹೊತ್ತಿಗೆ ಎಬ್ಬಿಸಿ ಬೆಳಕಿಗೆ ತನ್ನಿ. ಬಾಣಂತಿ ಕೋಣೆಗೆ ಹಗಲಿಡೀ ಪರದೆ ಎಳೆದು ಕತ್ತಲು ಮಾಡಿದರೆ ಕೂಸಿಗೆ ಹಗಲು ತಿಳಿಯುವುದಾದರೂ ಹೇಗೆ? ಹಗಲಿನ ನಿದ್ದೆಯಲ್ಲಿ ಪಾತ್ರೆ ಸದ್ದು, ಮಾತು ಇರಲಿ.

ಹಗಲು ಮಲಗಿಸದೆ ದಣಿಸಿದರೆ ರಾತ್ರಿ ಚೆನ್ನಾಗಿ ಮಲಗುತ್ತದೆ ಎಂದು ಹಲವರು ನಂಬಿದ್ದಾರೆ. ಆಗುವುದು ತಿರುಗುಮುರುಗು. ಅತಿಯಾಗಿ ದಣಿದ ಕೂಸು ಹೆಚ್ಚು ಅತ್ತು, ಹೆಚ್ಚು ಸಲ ಏಳುತ್ತದೆ. ಎಳೆಗೂಸು ಒಂದು ಗಂಟೆಯ ಮೇಲೆ, ನಾಲ್ಕೈದು ತಿಂಗಳಿನದು ಸುಮಾರು ಎರಡು ಗಂಟೆಯ ಮೇಲೆ ಎಚ್ಚರವಿರಲಾರದು. ಕಣ್ಣುಜ್ಜುವುದು, ಕಿವಿ ಎಳೆದುಕೊಳ್ಳುವುದು, ದಿಟ್ಟಿಸಿ ಸುಮ್ಮನಾಗುವುದು ಕಂಡಾಗಲೇ ಮಲಗಿಸಿ.

ಹಂತ 7: ಸಂಜೆಗೆ ಒಂದೇ ಕ್ರಮ

ಮೈ ಒರೆಸುವುದು ಅಥವಾ ಸ್ನಾನ, ಒಣ ಲಂಗೋಟಿ, ದೀಪ ಮಂದ, ಹಾಲು, ಜೋಗುಳ. ಅರ್ಧ ಗಂಟೆಯೊಳಗೆ ಮುಗಿಯಲಿ, ದಿನವೂ ಇದೇ ಸಾಲಿನಲ್ಲಿ ನಡೆಯಲಿ. ಶರಣಬಸವೇಶ್ವರ ಜಾತ್ರೆಗೆ ನೆಂಟರು ಬಂದಾಗ, ಮದುವೆ ದಿಬ್ಬಣದ ಡಿಜೆ ಬೀದಿಯಲ್ಲಿದ್ದಾಗ ಗಂಟೆ ಏರುಪೇರಾಗುತ್ತದೆ, ಆಗಲಿ, ಸಾಲು ತಪ್ಪಿಸಬೇಡಿ. ಹಾಲು ಕುಡಿಯುತ್ತಲೇ ಪೂರ್ತಿ ನಿದ್ದೆ ಹೋಗುವ ಬದಲು ಕಣ್ಣು ಭಾರವಾದಾಗಲೇ ಹಾಸಿಗೆಗೆ ಇಳಿಸಿ. ಮೂರು ತಿಂಗಳ ಕೆಳಗೆ ಇದು ಸಾಧ್ಯವಾಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಹಂತ 8: ನಡುರಾತ್ರಿ ಎದ್ದಾಗ

ಮೊದಲು ಏನೂ ಮಾಡಬೇಡಿ. ಕೂಸುಗಳು ನಿದ್ದೆಯಲ್ಲೇ ಮುಲುಗುತ್ತವೆ, ಕೈ ಕಾಲು ಆಡಿಸುತ್ತವೆ, ಒಂದು ಸಲ ಅತ್ತೂ ಬಿಡುತ್ತವೆ. ಆಗಲೇ ಎತ್ತಿಕೊಂಡರೆ ಮಲಗಿದ್ದ ಕೂಸನ್ನು ನಾವೇ ಎಬ್ಬಿಸಿದಂತೆ. ಒಂದೆರಡು ನಿಮಿಷ ಕೇಳಿಸಿಕೊಳ್ಳಿ. ಅಳು ಏರಿದರೆ ಎದೆಯ ಮೇಲೆ ಅಂಗೈ ಇಡಿ, ಮೆಲ್ಲಗೆ ಶ್‌ಶ್ ಎನ್ನಿ. ಕತ್ತು ಮುಟ್ಟಿ ಸೆಕೆ ನೋಡಿ, ಲಂಗೋಟಿ ನೋಡಿ. ಆಮೇಲೆ ಎತ್ತಿಕೊಳ್ಳಿ. ಹಾಲು ಕೊನೆಗೆ. ಒಂದೂವರೆ ತಿಂಗಳೊಳಗಿನ ಕೂಸಿಗೆ ಈ ಸಾಲು ಬೇಡ, ಹಸಿದ ಲಕ್ಷಣ ಕಂಡಾಗಲೆಲ್ಲ ಕುಡಿಸಿ.

ದೊಡ್ಡ ಲೈಟ್ ಹಾಕಬೇಡಿ, ಮಾತಾಡಿಸಬೇಡಿ, ನಗಿಸಬೇಡಿ. ಅಜ್ಜಂದಿರಿಗೆ ಇದು ಕಷ್ಟ, ಎರಡು ಗಂಟೆಗೆ ಎದ್ದ ಮೊಮ್ಮಗ ನಕ್ಕರೆ ಅವರಿಗೆ ಅದೇ ಹಬ್ಬ.

"ನಿನ್ನ ಹಾಲು ಸಾಲವಲ್ದು, ಡಬ್ಬಿ ಹಾಲು ಹಾಕು" ಎಂದು ಅತ್ತೆ ಹೇಳಬಹುದು. ವಾದ ಮಾಡುವ ಬದಲು ಲೆಕ್ಕ ತೋರಿಸಿ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಅಥವಾ ಹೆಚ್ಚು ಸಲ ಮೂತ್ರ, ತಾಯಿ ಕಾರ್ಡಿನ ತೂಕದ ಗೆರೆ ಮೇಲಕ್ಕೆ ಏರುತ್ತಿದೆ ಎಂದರೆ ಹಾಲು ಸಾಲುತ್ತಿದೆ. ತೂಕವನ್ನು ಅಂಗನವಾಡಿಯಲ್ಲಿ ನೋಡಿಸಿ. ಮೂರನೇ ತಿಂಗಳಿನಿಂದ ಮೂರು ತಿಂಗಳಿಗೊಮ್ಮೆ ಆಶಾ ಕಾರ್ಯಕರ್ತೆ ಮನೆಗೆ ಬರಬೇಕು, ಬಂದಾಗ ಅವರಿಂದಲೇ ಅತ್ತೆಯೆದುರು ಈ ಮಾತು ಹೇಳಿಸಿ. ಸೊಸೆ ಹೇಳುವುದಕ್ಕಿಂತ ಅವರು ಹೇಳಿದರೆ ನಡೆಯುತ್ತದೆ.

ಆರು ತಿಂಗಳಾದ ಮೇಲೆ, ತೂಕ ಸರಿಯಿದ್ದರೆ, ಅಭ್ಯಾಸಕ್ಕೆ ಏಳುವ ಒಂದು ಹೊತ್ತಿನ ಹಾಲನ್ನು ಮೆಲ್ಲಗೆ ಕಡಿಮೆ ಮಾಡಬಹುದು. ಆ ಸರದಿಗೆ ತಂದೆ ಎದ್ದು ತಟ್ಟಿದರೆ ಒಳ್ಳೆಯದು, ತಾಯಿಯ ಹಾಲಿನ ವಾಸನೆ ಹತ್ತಿರವಿರುವುದಿಲ್ಲ. ಬಾಗಿಲು ಹಾಕಿ ಅಳಲು ಬಿಡುವ ಪದ್ಧತಿಯನ್ನು ಆರು ತಿಂಗಳೊಳಗಿನ ಕೂಸಿಗೆ ಮಾಡಬೇಡಿ. ಯಾವುದೇ ಬದಲಾವಣೆಗೆ ನಾಲ್ಕೈದು ದಿನ ಕೊಡಿ, ಒಂದು ಸಲಕ್ಕೆ ಒಂದೇ ಬದಲಾವಣೆ. ಸೋಮವಾರ ಕೂಲರ್, ಮಂಗಳವಾರ ಡಬ್ಬಿ ಹಾಲು, ಬುಧವಾರ ಹೊಸ ತೊಟ್ಟಿಲು ಎಂದರೆ ಯಾವುದು ಕೆಲಸ ಮಾಡಿತೆಂದು ನಿಮಗೆ ಎಂದೂ ಗೊತ್ತಾಗುವುದಿಲ್ಲ.

ಹಂತ 9: ಇವು ಬಾಯಿಗೆ ಹೋಗಬಾರದು

ಜಾಜಿಕಾಯಿ ತೇಯ್ದು ಕೊಟ್ಟರೆ ಕೂಸು ಮಲಗುತ್ತದೆ ನಿಜ, ಏಕೆಂದರೆ ಅದು ಅಮಲು. ಪ್ರಮಾಣ ಹೆಚ್ಚಾದರೆ ವಿಷ. ಅಫೀಮು ಬೆರೆತ ಮನೆಮದ್ದು ಉಸಿರನ್ನೇ ನಿಲ್ಲಿಸಬಹುದು. ಜೇನು ಒಂದು ವರ್ಷದವರೆಗೆ ಬೇಡ, ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದಿಂದ ಬೊಟುಲಿಸಮ್ ಎಂಬ ಸ್ನಾಯು ಸೋಲುವ ಕಾಯಿಲೆ ಬರುತ್ತದೆ. ನಿದ್ದೆ ಬರಲಿ ಎಂದು ನೆಗಡಿ, ಕೆಮ್ಮಿನ ಸಿರಪ್ ಕುಡಿಸುವುದು ಬಲು ಅಪಾಯ. ಕರ್ಪೂರವನ್ನು ಬಟ್ಟೆಗೆ ಕಟ್ಟಿ ಹಾಸಿಗೆಯಲ್ಲಿ ಇಡಬೇಡಿ, ಬಾಯಿಗೆ ಹೋದರೆ ಫಿಟ್ಸ್ ಬರುತ್ತದೆ.

ಆರು ತಿಂಗಳು ತುಂಬಿದ ಮೇಲೆ ಮೆತ್ತಗಿನ ತೊಗರಿ ಬೇಳೆ ಅನ್ನ, ಜೋಳದ ಗಂಜಿ ಹಗಲು ಹೊತ್ತು ಚೆನ್ನಾಗಿ ತಿನ್ನಿಸಿ. ಮಲಗುವ ಮುಂಚೆ ಹೊಟ್ಟೆ ಬಿರಿಯೆ ತುಂಬಿದರೆ ರಾತ್ರಿಯಿಡೀ ಮಲಗುತ್ತದೆ ಎಂಬುದಿಲ್ಲ. ಕಬ್ಬಿಣಾಂಶ ಕಡಿಮೆಯಾದ ಮಕ್ಕಳ ನಿದ್ದೆ ಚಡಪಡಿಕೆಯದಾಗಿರುತ್ತದೆ. ಆರು ತಿಂಗಳ ನಂತರ ವಾರಕ್ಕೆ ಎರಡು ಸಲ ಕೊಡುವ ಕಬ್ಬಿಣಾಂಶದ ಸಿರಪ್ ಸರ್ಕಾರದಿಂದ ಉಚಿತ, ಆಶಾ ಅವರನ್ನು ಕೇಳಿ ಪಡೆಯಿರಿ.

ಹಂತ 10: ತಾಯಿಯ ನಿದ್ದೆಗೆ ಪಾಳಿ ಹಾಕಿ

ಇದನ್ನು ಕೊನೆಗೆ ಬರೆದಿದ್ದೇನೆ, ಆದರೆ ಮೊದಲ ರಾತ್ರಿಯಿಂದಲೇ ಮಾಡಬೇಕು. ರಾತ್ರಿ ಒಂಬತ್ತರಿಂದ ಒಂದರವರೆಗೆ ಒಬ್ಬರು, ಒಂದರಿಂದ ಐದರವರೆಗೆ ಇನ್ನೊಬ್ಬರು ಎಂದು ಮನೆಯವರು ಹಂಚಿಕೊಳ್ಳಿ. ತನ್ನದಲ್ಲದ ಪಾಳಿಯಲ್ಲಿ ತಾಯಿ ಹಾಲೂಡಲಷ್ಟೇ ಏಳಲಿ; ತೇಗಿಸುವುದು, ಬಟ್ಟೆ ಬದಲಿಸುವುದು, ತಟ್ಟುವುದು ತಂದೆಗೋ ಅತ್ತೆಗೋ ಇರಲಿ. ಸಂಜೆ ನೋಡಲು ಬರುವ ನೆಂಟರಿಗೆ ಬೆಳಿಗ್ಗೆ ಬನ್ನಿ ಎಂದು ಗಂಡನೇ ಹೇಳಲಿ.

ಕೂಸು ಮಲಗಿದ್ದರೂ ತಾಯಿಗೆ ನಿದ್ದೆ ಬಾರದಿರುವುದು, ಎರಡು ವಾರ ದಾಟಿದರೂ ಅಳು ನಿಲ್ಲದಿರುವುದು, ಕೂಸಿನ ಮೇಲೆ ಮನಸ್ಸೇ ಹೋಗದಿರುವುದು ಬರೀ ದಣಿವಲ್ಲ, ಹೆರಿಗೆ ನಂತರದ ಖಿನ್ನತೆ ಇರಬಹುದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡಬಹುದು, ದುಡ್ಡು ಹತ್ತುವುದಿಲ್ಲ. ತನಗೋ ಕೂಸಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಬರುತ್ತಿದ್ದರೆ ಆ ತಾಯಿಯನ್ನು ಒಂಟಿಯಾಗಿ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಡಾಕ್ಟರ ಬಳಿ ಹೋಗುವಾಗ ಎರಡನೇ ಹಂತದಲ್ಲಿ ಬರೆದ ನೋಟ್‌ಬುಕ್ಕು ಜೊತೆಗಿರಲಿ. ಅದರಲ್ಲಿ ಕೂಸಿನ ನಿದ್ದೆಯ ಪಕ್ಕದಲ್ಲೇ ತಾಯಿ ಎಷ್ಟು ಹೊತ್ತು ಮಲಗಿದಳು ಎಂಬುದನ್ನೂ ಬರೆಯಿರಿ.